ಓದುಗರ ಪ್ರಶ್ನೆ, ನಮ್ಮ ಉತ್ತರ: ಸಂಸಾರ ಒಡೆದಾಗ ತಪ್ಪು ಯಾರ ತಲೆಗೆ?

ಪ್ರಶ್ನೆ: ಟಿವಿಯಲ್ಲಿ ‘ಶರಪಂಜರ’ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ವಾದ. ಅತ್ತೆಯವರು ಸತೀಶನ ಜೊತೆಗಿದ್ದ ಆ ಹೆಂಗಸನ್ನು ಮನೆಮುರುಕಿ ಎಂದು ಬಯ್ಯುತ್ತಾರೆ. ನನಗೆ ಸಿಟ್ಟು ಬರುವುದು ಸತೀಶನ ಮೇಲೆ. ಯಾರು ಹೇಳುವುದು ಸರಿ? — ಓದುಗರು, ಶಿವಮೊಗ್ಗ

ಉತ್ತರ: ನೀವು ಹೇಳುವುದೇ ಸರಿ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದರು. ಎರಡನೆಯ ಹೆರಿಗೆಯ ನಂತರ ಸತೀಶನ ಹೆಂಡತಿ ಕಾವೇರಿ ಮನಸ್ಸಿನ ಸ್ತಿಮಿತ ಕಳೆದುಕೊಂಡು ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆ ಎಂಬುದನ್ನು ಮಾತ್ರ ಯಾರೂ ನಂಬುವುದಿಲ್ಲ. ಗಂಡ ಅಷ್ಟರಲ್ಲಿ ಇನ್ನೊಬ್ಬಳ ಕಡೆ ಹೊರಳಿದ್ದಾನೆ. ಅದು ಗೊತ್ತಾದ ಮೇಲೆ ಕಾವೇರಿ ಮತ್ತೆ ಕುಸಿಯುತ್ತಾಳೆ.

ಆ ಇನ್ನೊಬ್ಬಳು ಕಾವೇರಿಗೆ ಯಾವ ಮಾತನ್ನೂ ಕೊಟ್ಟವಳಲ್ಲ. ತಾಳಿ ಕಟ್ಟಿದವನು ಸತೀಶ. ಹೆಂಡತಿಯನ್ನು ಆಸ್ಪತ್ರೆಯಿಂದ ಕರೆತಂದು, ಹತ್ತಿರ ಸುಳಿಯದೆ, ನಿಜವನ್ನೂ ಹೇಳದೆ ಒಂದೇ ಸೂರಿನಡಿ ಇಟ್ಟುಕೊಂಡವನೂ ಅವನೇ. ಹಾಗಿದ್ದೂ ಬೈಗುಳ ಅವಳಿಗೇ ಸಲ್ಲುವುದಕ್ಕೆ ಕಥೆ ಕಟ್ಟುವ ರೀತಿಯೂ ಒಂದು ಕಾರಣ. ಇಂಥ ಪಾತ್ರಗಳಿಗೆ ನಮ್ಮ ಚಿತ್ರಗಳು ತವರು, ಹಿನ್ನೆಲೆ, ಒಂಟಿತನ ಯಾವುದನ್ನೂ ಕೊಡುವುದಿಲ್ಲ. ಹಿಂದುಮುಂದು ಗೊತ್ತಿಲ್ಲದವರ ಮೇಲೆ ತಪ್ಪು ಹೊರಿಸುವುದು ಸುಲಭ. ಗಂಡನಿಗಾದರೆ ಸಂಸಾರವಿದೆ, ಮಕ್ಕಳಿದ್ದಾರೆ, ‘ಪಾಪ, ಅವನಾದರೂ ಏನು ಮಾಡಿಯಾನು’ ಎನ್ನಲು ಬೇಕಾದ ದೃಶ್ಯಗಳೆಲ್ಲ ಇವೆ. ನಮ್ಮ ಮಾತಿನ ರೂಢಿಯೂ ಹಾಗೇ ಇದೆ: ಅವಳು ಮನೆಮುರುಕಿ, ಅವನು ಎಡವಿದವನು.

ಪ್ರಶ್ನೆ: ಕಾವೇರಿಗೆ ಮತ್ತೆ ಕಾಯಿಲೆ ಬಂದದ್ದಕ್ಕೆ ಗಂಡನ ಸಂಬಂಧವೇ ಕಾರಣವೆನ್ನಬಹುದೇ? ವೈದ್ಯಕೀಯವಾಗಿ ಇದು ನಂಬುವ ಮಾತೇ? — ಓದುಗರು, ಮೈಸೂರು

ಉತ್ತರ: ಅರ್ಧ ನಂಬಬಹುದು. ಬಾಣಂತಿಯರ ಈ ತೀವ್ರ ಮನೋವಿಕಾರ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ. ಹೆರಿಗೆಯ ನಂತರ ದೇಹದಲ್ಲಾಗುವ ಏರುಪೇರು, ನಿದ್ದೆಗೇಡು, ವಂಶದಲ್ಲಿರುವ ಒಲವು ಸೇರಿ ಅದನ್ನು ತರುತ್ತವೆ. ಆದ್ದರಿಂದ ಮೊದಲ ಸಲದ ಕಾಯಿಲೆಗೆ ಯಾರ ನಡತೆಯನ್ನೂ ದೂರುವಂತಿಲ್ಲ; ಕಾವೇರಿಯ ಮದುವೆಗೆ ಮುಂಚಿನ ಕಹಿ ಘಟನೆಯೊಂದನ್ನೇ ಕಾರಣ ಮಾಡುವುದೂ ಸಲ್ಲದು. ಮರುಕಳಿಕೆಯ ಮಾತು ಬೇರೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಚುಚ್ಚುಮಾತು, ಹಗೆತನ ತುಂಬಿದ ಮನೆಗೆ ಮರಳಿದರೆ ಕಾಯಿಲೆ ತಿರುಗಿ ಬರುವ ಸಂಭವ ಹೆಚ್ಚು ಎಂಬುದು ಮನೋವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಚಿತ್ರದಲ್ಲಿ ಸತೀಶನಷ್ಟೇ ನೆರೆಹೊರೆಯ ಕಣ್ಣುಗಳೂ ಅವಳನ್ನು ಇರಿಯುತ್ತವೆ. ಅವಳು ಜೋರಾಗಿ ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಸಂಬಂಧ ಬಯಲಾಗುವುದು ಕೊನೆಯ ಪೆಟ್ಟು ಮಾತ್ರ.

ಪ್ರಶ್ನೆ: ಆ ಕಾಲದಲ್ಲಿ ಕಾವೇರಿ ಕೋರ್ಟಿಗೆ ಹೋಗಬಹುದಿತ್ತೇ? — ಓದುಗರು, ಹುಬ್ಬಳ್ಳಿ

ಉತ್ತರ: ಕ್ರಿಮಿನಲ್ ಮೊಕದ್ದಮೆ ಹೂಡುವಂತಿರಲಿಲ್ಲ. ಭಾರತೀಯ ದಂಡ ಸಂಹಿತೆಯ 497ನೇ ಕಲಂ ಪರಪುರುಷನೊಬ್ಬ ಇನ್ನೊಬ್ಬನ ಹೆಂಡತಿಯ ಜೊತೆ, ಆ ಗಂಡನ ಒಪ್ಪಿಗೆಯಿಲ್ಲದೆ ಕೂಡುವುದನ್ನು ಮಾತ್ರ ಅಪರಾಧವೆಂದು ಕರೆದಿತ್ತು. ಶಿಕ್ಷೆ 5 ವರ್ಷದವರೆಗೆ. ದೂರು ಕೊಡಬೇಕಾದವನು ಆ ಗಂಡ. ಸತೀಶ ಅವಿವಾಹಿತೆಯ ಜೊತೆಗಿದ್ದರೆ ಕಾನೂನಿನ ಕಣ್ಣಿಗೆ ಅದು ಅಪರಾಧವೇ ಅಲ್ಲ. ವಿವಾಹಿತೆಯ ಜೊತೆಗಿದ್ದರೆ ನೊಂದವನು ಅವಳ ಗಂಡನೇ ಹೊರತು ಕಾವೇರಿಯಲ್ಲ. ‘ಒಪ್ಪಿಗೆಯಿಲ್ಲದೆ’ ಎಂಬ ಒಂದು ಪದ ಸಾಕು, ಹೆಂಡತಿಯನ್ನು ಏನೆಂದು ಎಣಿಸಿದ್ದರು ಎಂದು ತಿಳಿಯಲು.

ಸಿವಿಲ್ ದಾರಿಯೂ ಕಿರಿದಾಗಿತ್ತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಆಗ ವಿಚ್ಛೇದನ ಸಿಗಬೇಕಾದರೆ ಗಂಡ ವ್ಯಭಿಚಾರದಲ್ಲೇ ‘ಬದುಕುತ್ತಿದ್ದಾನೆ’ ಎಂದು ತೋರಿಸಬೇಕಿತ್ತು. ಒಂದು ಸಲದ ಸಂಬಂಧ ರುಜುವಾತಾದರೆ ಸಿಗುತ್ತಿದ್ದುದು ನ್ಯಾಯಿಕ ಪ್ರತ್ಯೇಕತೆ, ಅಂದರೆ ಮದುವೆ ಮುರಿಯದೆ ಬೇರೆ ಇರಲು ಕೋರ್ಟಿನ ಆದೇಶ. ಅದಾಗಿ 2 ವರ್ಷ ಒಂದಾಗದಿದ್ದರೆ ಆಮೇಲೆ ವಿಚ್ಛೇದನ. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಬೇರೆಯಿದ್ದು ಜೀವನಾಂಶ ಕೇಳಬಹುದಿತ್ತು, ಆದರೆ ಮ್ಯಾಜಿಸ್ಟ್ರೇಟರು ಕೊಡಿಸುವ ಮೊತ್ತ ತಿಂಗಳಿಗೆ 500 ರೂಪಾಯಿ ಮೀರುವಂತಿರಲಿಲ್ಲ. ಇತ್ತ ಅದೇ ಕಾಯ್ದೆಯಲ್ಲಿ ಗಂಡನಿಗೊಂದು ಬಾಗಿಲು ಇತ್ತು: ಸಂಗಾತಿಗೆ 3 ವರ್ಷ ಸತತವಾಗಿ ವಾಸಿಯಾಗದ ಚಿತ್ತವಿಕಲತೆ ಇದ್ದರೆ ಬಿಡುಗಡೆ. ಇಂಥ ಕಾನೂನಿನಲ್ಲಿ, ಗುಣವಾಗಿ ಬಂದವಳನ್ನು ಊರೆಲ್ಲ ಹುಚ್ಚಿ ಎನ್ನುವುದು ಬರೀ ಬಾಯಿಚಪಲವಾಗಿ ಉಳಿಯುವುದಿಲ್ಲ.

1976ರ ತಿದ್ದುಪಡಿಯಿಂದ ಒಂದು ಸಲದ ಸಂಬಂಧವೂ ವಿಚ್ಛೇದನಕ್ಕೆ ಸಾಕಾಯಿತು. 497ನೇ ಕಲಮನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 27 ಸೆಪ್ಟೆಂಬರ್ 2018ರಂದು ತೆಗೆದುಹಾಕಿತು. ವಿಚ್ಛೇದನಕ್ಕೆ ಕಾರಣವಾಗಿ ವ್ಯಭಿಚಾರ ಈಗಲೂ ಉಳಿದಿದೆ.

ಪ್ರಶ್ನೆ: ಹೆಂಡತಿಯೇ ಹೊರಗೆ ಮನಸ್ಸು ಕೊಟ್ಟ ಚಿತ್ರಗಳಲ್ಲಿ ತೀರ್ಪು ಬೇರೆ ಆಗುತ್ತದೆಯೇ? ನಮ್ಮ ಚಿತ್ರ ಸಮಾಜದಲ್ಲಿ ಚರ್ಚೆ ಇಟ್ಟುಕೊಂಡಿದ್ದೇವೆ. ಹೇಗೆ ನಡೆಸುವುದು? — ಓದುಗರು, ಉಡುಪಿ

ಉತ್ತರ: ಎರಡು ಚಿತ್ರ ಸಾಕು. ಒಂದು, 1973ರ ‘ಎಡಕಲ್ಲು ಗುಡ್ಡದ ಮೇಲೆ’. ಯುದ್ಧದಲ್ಲಿ ಗಾಯಗೊಂಡ ಗಂಡನ ಜೊತೆಗಿರುವ ಮಾಧವಿಯ ಮನಸ್ಸು ಯುವಕನೊಬ್ಬನ ಕಡೆ ಹೊರಳುತ್ತದೆ. ಇನ್ನೊಂದು, ಸತ್ಯಜಿತ್ ರೇ ಅವರ 1964ರ ‘ಚಾರುಲತಾ’. 1879ರ ಕಲ್ಕತ್ತಾ, ಪತ್ರಿಕೆಯಲ್ಲೇ ಮುಳುಗಿದ ಭೂಪತಿ, ಮನೆಗೆ ಬರುವ ಸೋದರಸಂಬಂಧಿ ಅಮಲ್. ಹೆಂಡತಿಗೆ ಜೊತೆಯಾಗಿರು, ಬರೆಯಲು ಹುರಿದುಂಬಿಸು ಎಂದು ಅಮಲ್‌ಗೆ ಹೇಳುವವನು ಭೂಪತಿಯೇ. ಚಾರುವಿನ ಅಳು ಕಣ್ಣಿಗೆ ಬಿದ್ದ ಮೇಲೆ ಅವನಿಗೆ ಎಲ್ಲ ಅರ್ಥವಾಗುತ್ತದೆ. ಕೊನೆಯಲ್ಲಿ ಚಾಚಿದ ಎರಡು ಕೈಗಳು ಕೂಡುವ ಮೊದಲೇ ಚಿತ್ರ ನಿಶ್ಚಲವಾಗುತ್ತದೆ. ತೀರ್ಪಿಲ್ಲದೆ ಇಷ್ಟು ನೋಯಿಸುವ ಕೊನೆ ಬೇರೆ ಕಡೆ ಸಿಗುವುದು ಅಪರೂಪ.

ಚಿತ್ರವನ್ನು ಮೊದಲ ಸಲ ನಿಲ್ಲಿಸದೆ ತೋರಿಸಿ. ಎರಡನೇ ಸಲ ಗುಟ್ಟು ಬಯಲಾಗುವ ಭಾಗವನ್ನು ಮಾತ್ರ, ಹಿಂದೆ 5 ನಿಮಿಷ, ಮುಂದೆ 5 ನಿಮಿಷ ಸೇರಿಸಿ ಹಾಕಿ. ಹಾಳೆಯಲ್ಲಿ ಮೂರು ಕಾಲಂ ಎಳೆದು ಗಂಡ, ಹೆಂಡತಿ, ಮೂರನೆಯವರು ಎಂದು ಬರೆಯಿಸಿ. ಯಾರ ಮುಖ ಹತ್ತಿರದಿಂದ ಎಷ್ಟು ಸಲ ಕಂಡಿತು, ಯಾರು ಒಬ್ಬರೇ ಇರುವ ದೃಶ್ಯ ಎಷ್ಟು, ಹಾಡು ಯಾರಿಗೆ ಸಿಕ್ಕಿತು ಎಂದು ಗೀಟು ಹಾಕಲಿ. ಬಳಿಕ ಅದೇ ತುಣುಕನ್ನು ಧ್ವನಿ ಅಡಗಿಸಿ ತೋರಿಸಿ. ಕನಿಕರ ನಟನೆಯಿಂದ ಬಂತೋ ಪಿಟೀಲಿನಿಂದ ಬಂತೋ ಆಗ ತಿಳಿಯುತ್ತದೆ.

ಚರ್ಚೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಪಾತ್ರದ ಬಾಯಲ್ಲಿ ಬಂದ ಮಾತನ್ನು ನಿರ್ದೇಶಕರ ಅಭಿಪ್ರಾಯ ಎಂದುಕೊಳ್ಳುವುದು ಒಂದು. ಕೊನೆಯಲ್ಲಿ ಯಾರು ನರಳಿದರೋ ಅವರದೇ ತಪ್ಪು ಎಂದುಕೊಳ್ಳುವುದು ಇನ್ನೊಂದು, ಇದು ಹೆಚ್ಚು ಅಪಾಯದ್ದು. ಕಾವೇರಿ ನರಳುವುದು ಅವಳ ತಪ್ಪಿಗಲ್ಲವಲ್ಲ.

ಪ್ರಶ್ನೆ: ‘ಘಟಶ್ರಾದ್ಧ’ವನ್ನೂ ಈ ಸಾಲಿಗೆ ಸೇರಿಸಬಹುದೇ? — ಓದುಗರು, ಸಾಗರ

ಉತ್ತರ: ಸೇರಿಸಿ. ಯಮುನಕ್ಕ ವಿಧವೆ, ಯಾರ ಸಂಸಾರವನ್ನೂ ಮುರಿದವಳಲ್ಲ. ಆದರೆ ತಪ್ಪು ಹಂಚುವ ಲೆಕ್ಕ ಇಷ್ಟು ನಿಚ್ಚಳವಾಗಿ ಕಾಣುವ ಕನ್ನಡ ಚಿತ್ರ ಇನ್ನೊಂದಿಲ್ಲ. ಗರ್ಭಕ್ಕೆ ಕಾರಣನಾದ ಮೇಷ್ಟ್ರು ಜಾರಿಕೊಳ್ಳುತ್ತಾನೆ. ತಂದೆ ಉಡುಪರು ಬದುಕಿರುವ ಮಗಳಿಗೆ ಘಟ ಒಡೆದು ಶ್ರಾದ್ಧ ಮಾಡುತ್ತಾರೆ. ಅದೇ ಉಡುಪರ ಮರುಮದುವೆಯ ಮಾತು, ಹುಡುಗಿಯೊಬ್ಬಳ ಜೊತೆ, ಯಾವ ಅಡ್ಡಿಯೂ ಇಲ್ಲದೆ ನಡೆಯುತ್ತದೆ. ಗಿರೀಶ ಕಾಸರವಳ್ಳಿ ಯಾರನ್ನೂ ಬಯ್ಯಿಸದೆ, ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಕ್ಕನನ್ನು ಹುಡುಗ ನಾಣಿ ತಿರುಗಿ ನೋಡುವಂತೆ ಮಾಡಿದ್ದಾರೆ. ಮೇಲೆ ಹೇಳಿದ ಮೂರು ಕಾಲಮಿನ ಹಾಳೆಗೆ ಇಲ್ಲಿ ನಾಲ್ಕನೆಯದನ್ನು ಎಳೆಯಬೇಕಾಗುತ್ತದೆ, ಆ ಹುಡುಗನಿಗಾಗಿ.