ಬಚ್ಚಲಿನಿಂದ ಬಂದ ಕಿರುಚಾಟ

ಗೋಣಿಕೊಪ್ಪದ ಓದುಗರೊಬ್ಬರು ಬರೆದಿದ್ದಾರೆ: "ಮೂರು ದಿನದಿಂದ ಮಳೆ, ಕರೆಂಟ್ ಇಲ್ಲ. ಹೆದರಿಸಬೇಕು, ನಗಿಸಲೂ ಬೇಕು, ಮುಂದೆ ಬರುವ ಕೆಟ್ಟ ಕಾಲವನ್ನೂ ತೋರಿಸಬೇಕು. ಅಂಥ ಕಾದಂಬರಿ ಹೇಳಿ, ಇಂಗ್ಲಿಷಾದರೂ ಸರಿ. ನಮ್ಮವರಿಂದ ಅದು ಆಗಲ್ಲ ಬಿಡಿ. ಸಾವು, ದೆವ್ವ ಅಂದರೆ ಮುಖ ಗಂಟು ಹಾಕುವ ಜನ ನಾವು."

ಪ್ರಶ್ನೆ ಚೆನ್ನಾಗಿದೆ. ಕೊನೆಯ ಮಾತು ಮಾತ್ರ ಹಿಡಿಸಲಿಲ್ಲ. ಅದೂ ಗೋಣಿಕೊಪ್ಪದಲ್ಲಿದ್ದುಕೊಂಡು! ಪಕ್ಕದ ದೇವರಪುರದ ಕುಂಡೆ ಹಬ್ಬ ನೋಡಿಲ್ವಾ? ಬೇಟೆಗೆ ಅಂತ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲೇ ಬಿಟ್ಟ ಅಂತ ಜೇನು ಕುರುಬರು ಮೊದಲಾದವರು ಪ್ರತಿ ಮೇ ತಿಂಗಳು ವೇಷ ಹಾಕಿ, ಡಬ್ಬ ಬಡಿದು, ದೇವರಿಗೇ ಬೈಯುತ್ತಾರೆ. ದಾರಿಹೋಕರಿಗೂ ಬೈದು ಕಾಸು ಕೇಳುತ್ತಾರೆ. ನಡುಕಾಡಿನಲ್ಲಿ ದೇವರೇ ಕೈಬಿಟ್ಟ ಕಥೆಗೆ ಇಷ್ಟು ನಗುವವರು ಬೇರೆಲ್ಲಿ ಸಿಗುತ್ತಾರೆ, ಹೇಳಿ.

ನಮ್ಮ ಮನೆಯದೂ ಒಂದಿದೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡಿದ್ದೆವು. ಬೆಂಗಳೂರಿನ ಭಾವ ಎರಡು ಬಟ್ಟಲು ಹೊಡೆದರು. ಆ ಸೊಪ್ಪಿನ ಬಣ್ಣ ಮರುದಿನ ಎಲ್ಲಿಂದ ಹೊರಗೆ ಬರುತ್ತದೆ ಅಂತ ಅವರಿಗೆ ಹೇಳಲು ಎಲ್ಲರೂ ಮರೆತೆವು. ಬೆಳಿಗ್ಗೆ ಬಚ್ಚಲಿನಿಂದ ಕಿರುಚಿದ್ದು ತೋಟದ ಆಚೆಗೂ ಕೇಳಿಸಿತು. ಪಂಚೆ ಎತ್ತಿ ಹಿಡಿದು ಹೊರಗೆ ಬಂದವರೇ, "ಬರೀ ರಕ್ತ! ಕಿಡ್ನಿ ಹೋಯ್ತು, ಮಕ್ಕಳಿಗೆ ಫೋನ್ ಮಾಡಿ" ಅಂದರು. ಅತ್ತೆ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಒಳ್ಳೆಯ ಕಾದಂಬರಿಯಲ್ಲಿ ಓದುಗ ಅತ್ತೆಯೂ ಹೌದು, ಭಾವನೂ ಹೌದು.

ಬರೀ ಹೆದರಿಸುವ ಪುಸ್ತಕಗಳೂ ಬೇಕು, ಇಲ್ಲ ಅನ್ನಲ್ಲ. ಆದರೆ ಬಾವಲಿ, ಕಿರುಗುಟ್ಟುವ ಬಾಗಿಲು ಮೂರನೇ ಅಧ್ಯಾಯಕ್ಕೇ ಹಳಸುತ್ತವೆ. ಲೇಖಕ ಕಾಫ್ಕಾ ತಮ್ಮ 'ದಿ ಟ್ರಯಲ್' ಕಾದಂಬರಿಯ ಮೊದಲ ಅಧ್ಯಾಯವನ್ನು ಗೆಳೆಯರ ಮುಂದೆ ಓದುವಾಗ ನಗು ತಡೆಯಲಾಗದೆ ಆಗಾಗ ನಿಲ್ಲಿಸಬೇಕಾಯಿತು ಅಂತ ಅವರ ಗೆಳೆಯ ಮ್ಯಾಕ್ಸ್ ಬ್ರೋಡ್ ಬರೆದಿಟ್ಟಿದ್ದಾರೆ. ತಪ್ಪೇನು ಅಂತ ಹೇಳದೆಯೇ ಒಬ್ಬನನ್ನು ಬಂಧಿಸುವ ಅಧ್ಯಾಯ ಅದು!

ನೀವು ಮೊದಲು ಜೆಕ್ ಲೇಖಕ ಕಾರೆಲ್ ಚಾಪೆಕ್‌ರ 'ವಾರ್ ವಿತ್ ದಿ ನ್ಯೂಟ್ಸ್' ಹಿಡಿಯಿರಿ. 1936ರದ್ದು. ರೋಬೋ ಅನ್ನುವ ಮಾತು ಜಗತ್ತಿಗೆ ಬಂದದ್ದೂ ಇವರ ನಾಟಕದಿಂದಲೇ. ಸುಮಾತ್ರಾ ಕಡೆಯ ಸಮುದ್ರದಲ್ಲಿ ನ್ಯೂಟ್ ಅನ್ನುವ ಹಲ್ಲಿಯಂಥ ಜಾಣ ಪ್ರಾಣಿಗಳು ಸಿಗುತ್ತವೆ. ಮುತ್ತು ತೆಗೆಯಲಿ ಅಂತ ಅವಕ್ಕೆ ಚಾಕು ಕೊಡುತ್ತಾರೆ. ಆಮೇಲೆ ಅಗ್ಗದ ಕೂಲಿ, ಕಂಪನಿ, ಮೀಟಿಂಗು, ಲಾಭದ ಲೆಕ್ಕ. ಕೊನೆಗೆ ಅವು, ನಮಗೆ ದಂಡೆ ಸಾಲದು, ನಿಮ್ಮ ಖಂಡಗಳನ್ನೇ ಅಗೆಯುತ್ತೇವೆ ಅನ್ನುತ್ತವೆ. ಸಿಡಿಮದ್ದು ಮಾರಿದವರೂ ಮನುಷ್ಯರೇ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ ಮೇಲೆ ಆ ಪುಟಗಳನ್ನು ಇನ್ನೊಮ್ಮೆ ಓದಿದೆ. ಅರ್ಧಕ್ಕೇ ನಗು ನಿಂತಿತು.

ಆಮೇಲೆ ಡಗ್ಲಸ್ ಆಡಮ್ಸ್‌ರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ', 1979. ರಸ್ತೆಗಾಗಿ ಒಬ್ಬನ ಮನೆ ಕೆಡವಬೇಕು. ಅದರ ನಕ್ಷೆಯನ್ನು ನೆಲಮಾಳಿಗೆಯ ಹಾಳುಬಿದ್ದ ಪಾಯಿಖಾನೆಯಲ್ಲಿ, ಬೀಗ ಹಾಕಿದ ಬೀರುವಿನಲ್ಲಿ ಇಟ್ಟಿರುತ್ತಾರೆ. ಬಾಗಿಲಿಗೆ ಚಿರತೆ ಇದೆ, ಹುಷಾರ್ ಅನ್ನುವ ಬೋರ್ಡು. ಇಡೀ ಭೂಮಿಗೂ ಅದೇ ಗತಿ. ತಲೆಮಾರಿನಿಂದ ಬಂದ ಜಮ್ಮಾ ಜಾಗದ ದಾಖಲೆಯ ಒಂದು ಪ್ರತಿಗಾಗಿ ನಾನೂ ಒಂದು ಕಚೇರಿಗೆ ಹನ್ನೊಂದು ಸಲ ಅಲೆದಿದ್ದೇನೆ. ಚಿರತೆ ಒಂದು ಇರಲಿಲ್ಲ.

ಇಂಥ ಪುಸ್ತಕ ಹುಡುಕಲು ಹಾರರ್ ಕಪಾಟಿಗೆ ಹೋಗಬೇಡಿ. ಸುಮ್ನೆ ನಡುವಿನ ಒಂದು ಪುಟ ತೆರೆಯಿರಿ. ಪ್ರಳಯದ ಹೊತ್ತಲ್ಲೂ ಯಾರಾದರೂ ರಸೀದಿ ಕೇಳುತ್ತಿದ್ದರೆ ಕೊಂಡುಬಿಡಿ.

ನಮ್ಮ ಕಷ್ಟ ಇರುವುದೂ ಈ ಕಪಾಟಿನಲ್ಲೇ. ವಿಜ್ಞಾನದ ಕಥೆ ಅಂದರೆ ಮಕ್ಕಳ ವಿಭಾಗ. ಹಾಸ್ಯ ಅಂದರೆ ಊಟದ ನಂತರದ ಗೋಷ್ಠಿ. ಎರಡೂ ಸೇರಿದ್ದನ್ನು ಎಲ್ಲಿಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಒಂದು ಗ್ರಂಥಾಲಯದಲ್ಲಿ ಚಾಪೆಕ್ ನನಗೆ ಸಿಕ್ಕಿದ್ದು ಕರಿಮೆಣಸಿನ ಸೊರಗು ರೋಗದ ಪುಸ್ತಕದ ಪಕ್ಕ, 'ಪ್ರಾಣಿಶಾಸ್ತ್ರ' ಅನ್ನುವ ಚೀಟಿ ಅಂಟಿಸಿಕೊಂಡು. ತಪ್ಪು ಬರೆಯುವವರದೂ ಇದೆ. ನಮ್ಮ ಪತ್ರಿಕೆಗೆ ಬರುವ ಕಥೆಗಳಲ್ಲಿ ದೆವ್ವ ಇನ್ನೂ ಬಿಳಿ ಸೀರೆ ಬದಲಾಯಿಸಿಲ್ಲ.

ಚಾಪೆಕ್‌ರ ನನ್ನ ಸ್ವಂತ ಪ್ರತಿ ಕಚೇರಿಯಲ್ಲಿದೆ. ಮಳೆಗೆ ಉಬ್ಬಿ ಇಟ್ಟಿಗೆಯಷ್ಟು ದಪ್ಪ ಆಗಿದೆ. ಒಂದು ಪುಟದಲ್ಲಿ ಜಿಗಣೆ ಅಪ್ಪಚ್ಚಿಯಾದ ಕಲೆ ಇದೆ, ರಕ್ತ ನನ್ನದೇ. ಮಡಿಕೇರಿ ಕಡೆ ಬಂದಾಗ ತೆಗೆದುಕೊಂಡು ಹೋಗಿ. ಪುತ್ತರಿ ಹಬ್ಬದೊಳಗೆ ವಾಪಸ್ ಕೊಡಬೇಕು, ನೋಡಿ.