ವಾಯ್ದೆ ಮೇಲೆ ವಾಯ್ದೆ ಬಿದ್ರೆ ಮಾನವ ಹಕ್ಕು ಆಯೋಗಕ್ಕೆ ಹೋಗ್ಬಹುದಾ?

ಪ್ರಶ್ನೆ: ಸರ್, ನಮ್ಮ ತಂದೆ 2008ರಲ್ಲಿ ಅವರ ಅಣ್ಣನ ಮೇಲೆ ಪಾಲು ಕೇಳಿ ದಾವೆ ಹಾಕಿದ್ರು, ಎರಡೂ ಮುಕ್ಕಾಲು ಎಕರೆ ತೆಂಗಿನ ತೋಟ. ತಂದೆ ತೀರ್ಕೊಂಡ್ರು, ದೊಡ್ಡಪ್ಪನೂ ತೀರ್ಕೊಂಡ್ರು, ಜಡ್ಜ್ ಎಷ್ಟು ಜನ ಬಂದು ಹೋದ್ರೋ ಲೆಕ್ಕ ಇಟ್ಟಿಲ್ಲ, ಕೇಸು ಮಾತ್ರ ಇನ್ನೂ ಪ್ರತಿವಾದಿ ಸಾಕ್ಷಿ ಹಂತದಲ್ಲೇ ಇದೆ. ತಾಯಿಗೆ 78 ವರ್ಷ. ಪ್ರತಿ ಸಲ ಬಸ್ಸಲ್ಲಿ ಕರ್ಕೊಂಡು ಹೋಗೋದು, ಹೆಸರು ಕೂಗಿದ ಎರಡು ನಿಮಿಷಕ್ಕೆ ಮುಂದಿನ ತಾರೀಕು ತಗೊಂಡು ಬರೋದು. ಯುರೋಪಲ್ಲಿ ಕೇಸು ತಡ ಆದ್ರೆ ಸರ್ಕಾರಾನೇ ದುಡ್ಡು ಕೊಡುತ್ತೆ ಅಂತ ಓದಿದೆ. ನಾವೂ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ರೆ ಏನಾದ್ರೂ ಆಗುತ್ತಾ?
(ಹೆಸರು ಬೇಡ, ತುಮಕೂರು ಜಿಲ್ಲೆ)

ಉತ್ತರ: ಆಗಲ್ಲ. ಅರ್ಜಿ ಬರೆಸೋಕೆ ದುಡ್ಡು ಕೊಡೋ ಮುಂಚೆ ಕೇಳಿದ್ರಲ್ಲ, ಒಳ್ಳೇದಾಯ್ತು. 1993ರ ಮಾನವ ಹಕ್ಕು ರಕ್ಷಣಾ ಕಾಯ್ದೆ ಪ್ರಕಾರ ಘಟನೆ ನಡೆದು ಒಂದು ವರ್ಷ ದಾಟಿದ್ರೆ ಆಯೋಗ ವಿಚಾರಣೆ ಮಾಡೋ ಹಾಗಿಲ್ಲ. ಅದು ಹೋಗ್ಲಿ ಅಂದ್ರೂ, ಕೋರ್ಟಲ್ಲಿ ನಡೀತಿರೋ ವಿಷಯ, ಆಸ್ತಿಪಾಸ್ತಿ ಥರದ ಸಿವಿಲ್ ತಕರಾರು, ಇವನ್ನ ಸಾಮಾನ್ಯವಾಗಿ ತಗೊಳಲ್ಲ ಅಂತ ರಾಷ್ಟ್ರೀಯ ಆಯೋಗದ ನಿಯಮದಲ್ಲೇ ಇದೆ, ನಿಮ್ದು ಎರಡೂ ಹೌದು. ಜಿನೀವಾದ ವಿಶ್ವಸಂಸ್ಥೆ ಕಚೇರಿಗೆ ಬರೀತೀನಿ ಅಂತ ಹೊರಡೋರೂ ಇದ್ದಾರೆ. ನಮ್ಮ ದೇಶ 1979ರಲ್ಲೇ ನಾಗರಿಕ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿದೆ ನಿಜ, ಆದ್ರೆ ಜನ ನೇರವಾಗಿ ದೂರು ಕೊಡೋಕೆ ಬಿಡೋ ಇನ್ನೊಂದು ಒಪ್ಪಂದ ಇದೆಯಲ್ಲ, ಅದಕ್ಕೆ ಸಹಿ ಹಾಕಿಲ್ಲ. ಆ ಬಾಗ್ಲೂ ಮುಚ್ಚಿದೆ.

ನೀವು ಓದಿದ್ದು ಸುಳ್ಳಲ್ಲ. ಇಟಲಿಯಲ್ಲಿ 2001ರಿಂದ ‘ಪಿಂಟೊ ಕಾನೂನು’ ಅಂತ ಇದೆ, ಕೇಸು ವಿಪರೀತ ಎಳೆದ್ರೆ ಅಲ್ಲಿನ ಕೋರ್ಟಲ್ಲೇ ಪರಿಹಾರ ಕೇಳ್ಬಹುದು. ಇಟಲಿ ಮೇಲೆ ಸ್ಟ್ರಾಸ್‌ಬರ್ಗ್‌ನ ಯುರೋಪ್ ಮಾನವ ಹಕ್ಕು ಕೋರ್ಟಿಗೆ ಇಂಥವೇ ದೂರು ರಾಶಿ ರಾಶಿ ಹೋಗಿ, ತಡ್ಕೊಳೋಕಾಗ್ದೆ ಮಾಡಿದ ಕಾನೂನು ಅದು. ನಮ್ಮಲ್ಲಿ ಅಂಥದ್ದು ಇಲ್ಲ, ನನ್ನ ಕೇಳಿದ್ರೆ ಇರ್ಬೇಕಿತ್ತು.

ಆದ್ರೆ ಸ್ಟ್ರಾಸ್‌ಬರ್ಗ್ ಕೋರ್ಟ್ ಇಂಥ ದೂರು ನೋಡೋವಾಗ ಏನ್ ಕೇಳುತ್ತೆ ಗೊತ್ತಾ? ಕೇಸು ಎಷ್ಟು ತೊಡಕಿಂದು, ಕೋರ್ಟು ಹೇಗೆ ನಡ್ಕೊಳ್ತು, ಅರ್ಜಿದಾರನಿಗೆ ಅದರಿಂದ ಏನು ಹೋಗ್ತಿದೆ, ಜೊತೆಗೆ ಅರ್ಜಿದಾರ ತಾನೇ ಹೇಗೆ ನಡ್ಕೊಂಡ. ಈ ಕೊನೇದು ನಮಗೂ ಬೇಕು. ಅದಕ್ಕೇ ಬೇರೆ ಏನೂ ಮಾಡೋ ಮುಂಚೆ ಆರ್ಡರ್ ಶೀಟಿನ (ಪ್ರತಿ ತಾರೀಕಲ್ಲಿ ಕೋರ್ಟಲ್ಲಿ ಏನಾಯ್ತು ಅಂತ ಬರೆದಿಡೋ ಹಾಳೆ) ಸರ್ಟಿಫೈಡ್ ಕಾಪಿ ತೆಗೆಸಿ, ಮೊದಲ ಪುಟದಿಂದ. ಇತ್ತೀಚಿನ ವರ್ಷಗಳದ್ದು ಇ-ಕೋರ್ಟ್ಸ್ ಆ್ಯಪಲ್ಲೇ ಸಿಗುತ್ತೆ, ನಿಮ್ಮ ಕೇಸಿನ 16 ಅಕ್ಷರದ ಸಿ.ಎನ್.ಆರ್. ನಂಬರ್ ಹಾಕಿ. ಒಂದು ನೋಟ್ ಬುಕ್ಕಲ್ಲಿ ನಾಲ್ಕು ಗೆರೆ ಎಳ್ಕೊಳ್ಳಿ: ನಾವು ಕೇಳಿದ ವಾಯ್ದೆ, ಅವರು ಕೇಳಿದ್ದು, ಜಡ್ಜ್ ರಜೆ ಇಲ್ಲಾ ವರ್ಗಾವಣೆ, ಎಲ್.ಆರ್. ಅಂದ್ರೆ ಸತ್ತವರ ವಾರಸುದಾರರನ್ನ ಕೇಸಿಗೆ ತರೋಕೆ ಹೋಗಿದ್ದು. ನನ್ನ ಹತ್ರ ಒಬ್ರು ಹೀಗೇ ಎದುರು ಪಾರ್ಟಿ ಮೇಲೆ ಹಲ್ಲು ಕಡಿತಾ ಬಂದಿದ್ರು, ಕೂತು ಎಣಿಸಿದ್ರೆ ಪುಟಕ್ಕೆ ಎರಡು ಮೂರು ಕಡೆ ‘ವಾದಿ ಪರ ವಕೀಲರು ಸಮಯ ಕೋರಿದ್ದಾರೆ’ ಅಂತಲೇ ಇತ್ತು, ಪಾಪ ಅವರ ವಕೀಲ್ರು ಅದನ್ನ ಒಂದಿನಾನೂ ಹೇಳಿರ್ಲಿಲ್ಲ. ಸತ್ತವರ ವಾರಸುದಾರರನ್ನ ತರೋಕೆ 90 ದಿನ ಅಷ್ಟೇ, ಅದು ಮೀರಿದ್ರೆ ದಾವೆ ಅಬೇಟ್ ಆಗಿ, ಅಂದ್ರೆ ಅಲ್ಲಿಗೇ ಬಿದ್ದುಹೋಗಿ, ಅದನ್ನ ಮತ್ತೆ ಎಬ್ಬಿಸೋಕೆ ಅರ್ಜಿ, ಅದಕ್ಕೆ ಅವರ ತಕರಾರು, ಹೀಗೆ ವರ್ಷಗಳೇ ಹೋಗ್ತವೆ. ನಿಮ್ಮಲ್ಲಿ ಎರಡು ಸಾವು ಆಗಿದೆ, ಆ ಪುಟಗಳನ್ನ ನಿಧಾನಕ್ಕೆ ಓದಿ.

ಎಣಿಕೆ ಮುಗಿದ್ಮೇಲೆ ಕಾನೂನು ನಿಮ್ಮ ಕೈಗೆ ಬರುತ್ತೆ. ಸಿವಿಲ್ ಪ್ರೊಸೀಜರ್ ಕೋಡ್ 17ನೇ ಆರ್ಡರ್ ಪ್ರಕಾರ ವಿಚಾರಣೆಯಲ್ಲಿ ಒಂದು ಪಾರ್ಟಿಗೆ ಮೂರಕ್ಕಿಂತ ಹೆಚ್ಚು ವಾಯ್ದೆ ಇಲ್ಲ, ವಕೀಲ್ರು ಬೇರೆ ಕೋರ್ಟಲ್ಲಿ ಬಿಜಿ ಅನ್ನೋದು ಕಾರಣ ಅಲ್ಲ ಅಂತ್ಲೂ ಬರೆದಿದೆ. 2005ರಲ್ಲಿ ಸುಪ್ರೀಂ ಕೋರ್ಟ್ ನಿಜವಾದ ಕಷ್ಟ ಇದ್ರೆ ಸ್ವಲ್ಪ ಸಡಿಲ ಬಿಡ್ಬಹುದು ಅಂದಿತು, ಆ ಸಂದೀಲಿ ಎಲ್ಲರೂ ನುಗ್ಗಿದ್ರು. ನಮ್ಮ ರಾಜ್ಯದ 2005ರ ಕೇಸ್ ಫ್ಲೋ ನಿಯಮದಲ್ಲಂತೂ ಪಾಲಿನ ದಾವೆ 24 ತಿಂಗಳಲ್ಲಿ ಮುಗಿಸೋಕೆ ನೋಡ್ಬೇಕು ಅಂತಿದೆ (ನಗಬೇಡಿ). 2023ರ ಅಕ್ಟೋಬರಲ್ಲಿ, 1982ರ ಒಂದು ದಾವೆ ಇನ್ನೂ ಎಳೀತಿದ್ದದ್ದು ನೋಡಿ ಸುಪ್ರೀಂ ಕೋರ್ಟ್ ಹಳೇ ಕೇಸುಗಳ ಮೇಲೆ, ಅದ್ರಲ್ಲೂ ಐದು ವರ್ಷ ದಾಟಿದವುಗಳ ಮೇಲೆ ಕಣ್ಣಿಡಿ ಅಂತ ಹೈಕೋರ್ಟುಗಳಿಗೆ ಹೇಳ್ತು. ಇದನ್ನೆಲ್ಲ ಹಾಕಿ, ತಾಯಿ ವಯಸ್ಸಿನ ದಾಖಲೆ ಇಟ್ಟು, ಬೇಗ ವಿಚಾರಣೆ ಮಾಡಿ ಅಂತ ಅದೇ ಕೋರ್ಟಲ್ಲಿ ಒಂದು ಅರ್ಜಿ ಹಾಕ್ಸಿ. ಎದುರಿನವರು ಮತ್ತೆ ಟೈಮ್ ಕೇಳಿದ್ರೆ ಖರ್ಚು ಅವರ ಮೇಲೆ ಹಾಕಿ ಅಂತ ನಿಮ್ಮ ವಕೀಲ್ರು ಎದ್ದು ನಿಂತು ಕೇಳ್ಬೇಕು, ಸುಮ್ನೆ ತಲೆ ಆಡಿಸಿದ್ರೆ ಆಗಲ್ಲ.

ಅದಕ್ಕೂ ಬಗ್ಗಲಿಲ್ಲ ಅಂದ್ರೆ ಸಂವಿಧಾನದ 227ನೇ ವಿಧಿಯಲ್ಲಿ ಹೈಕೋರ್ಟಿಗೆ ಹೋಗ್ಬಹುದು. ಮುಂಚೆ ‘ಆರು ತಿಂಗಳಲ್ಲಿ ಮುಗಿಸಿ’ ಅನ್ನೋ ಆದೇಶ ಸಲೀಸಾಗಿ ಸಿಗ್ತಿತ್ತು, ಆದ್ರೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ಜಡ್ಜ್‌ಗಳ ಪೀಠ, ಬೇರೆ ಕೋರ್ಟಿನ ಕೇಸಿಗೆ ಗಡುವು ಹಾಕೋದು ತೀರಾ ವಿಶೇಷ ಸಂದರ್ಭದಲ್ಲಿ ಮಾತ್ರ ಅಂತ ಹೇಳಿದೆ. ನಿಮ್ದು ವಿಶೇಷ ಅಂತ ತೋರಿಸೋದು ಆ ನೋಟ್ ಬುಕ್ಕೇ. ದುಡ್ಡಿನ ಚಿಂತೆ ಇದ್ರೆ, ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ಕಾನೂನು ನೆರವು ಉಂಟು, ತಾಯಿ ಹೆಸರಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತೀಲಿ ಅರ್ಜಿ ಕೊಡಿ.

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೀನಿ, ಇನ್ನೂ ಭಾರತದ ಪಾಸ್‌ಪೋರ್ಟೇ. ಮನೆ ರಿಪೇರಿ ಮಾಡಿದವನ ಮೇಲೆ ಹಾಕಿದ ಸಿವಿಲ್ ಕೇಸು ಐದನೇ ವರ್ಷಕ್ಕೆ ಬಿದ್ದಿದೆ. ಸ್ಟ್ರಾಸ್‌ಬರ್ಗ್‌ಗೆ ನಾನು ಹೋಗ್ಬಹುದಾ?
(ಓದುಗರು, ಮ್ಯೂನಿಕ್)

ಉತ್ತರ: ಪಾಸ್‌ಪೋರ್ಟ್ ಯಾವ್ದಾದ್ರೂ ಆಗುತ್ತೆ, ಆದ್ರೆ ನೇರವಾಗಿ ಅಲ್ಲ, ಮೊದಲು ಅಲ್ಲಿನ ದಾರಿ ಮುಗಿಸ್ಬೇಕು. 2010ರಲ್ಲಿ ಸ್ಟ್ರಾಸ್‌ಬರ್ಗ್ ಕೋರ್ಟ್ ಜರ್ಮನಿಗೆ ಕೇಸು ತಡ ಆದ್ರೆ ಪರಿಹಾರದ ದಾರಿ ಮಾಡಿ ಅಂತ ಒಂದು ವರ್ಷದ ಗಡುವು ಕೊಟ್ಟಿದ್ದಕ್ಕೆ 2011ರ ಡಿಸೆಂಬರಲ್ಲಿ ಅಲ್ಲಿ ಹೊಸ ಕಾನೂನು ಬಂತು. ನಿಮ್ಮ ಕೇಸು ನಡೀತಿರೋ ಕೋರ್ಟಲ್ಲೇ ‘ತಡ ಆಗ್ತಿದೆ’ ಅಂತ ಮೊದಲು ಲಿಖಿತವಾಗಿ ಆಕ್ಷೇಪಣೆ ಹಾಕಿ, ಅದಾಗಿ ಆರು ತಿಂಗಳು ಕಳೆದ ಮೇಲೆ ಪರಿಹಾರದ ದಾವೆ. ಮಾನಸಿಕ ಕಿರಿಕಿರಿಗೆ ಅಂತ ತಡವಾದ ವರ್ಷಕ್ಕೆ 1,200 ಯೂರೋ ಲೆಕ್ಕ. ಆಕ್ಷೇಪಣೆ ಹಾಕ್ದೆ ಸುಮ್ನಿದ್ರೆ ಆ ದುಡ್ಡಿಲ್ಲ. ಅಲ್ಲೂ ನ್ಯಾಯ ಸಿಗ್ಲಿಲ್ಲ ಅಂದ್ರೆ, ಅಲ್ಲಿನ ಕೊನೇ ಆದೇಶದಿಂದ ನಾಲ್ಕು ತಿಂಗಳೊಳಗೆ ಸ್ಟ್ರಾಸ್‌ಬರ್ಗ್. ಹಳೇ ಲೇಖನಗಳಲ್ಲಿ ಆರು ತಿಂಗಳು ಅಂತಿರುತ್ತೆ, 2022ರಿಂದ ಕಡಿಮೆ ಮಾಡಿದ್ದಾರೆ.

ಪ್ರಶ್ನೆ: ನಮ್ಮ ಪಾಲಿನ ಕೇಸಲ್ಲಿ ಪ್ರಿಲಿಮಿನರಿ ಡಿಕ್ರಿ ಆಗಿ ಆರು ವರ್ಷ ಆಯ್ತು, ಜಮೀನು ಕೈಗೆ ಬಂದಿಲ್ಲ. ಗೆದ್ದಿದ್ದೀವಿ ಅಂತ ಊರೆಲ್ಲ ಹೋಳಿಗೆ ಊಟ ಹಾಕಿದ್ವಿ.
(ಓದುಗರು, ಹಾಸನ ಜಿಲ್ಲೆ)

ಉತ್ತರ: ಊಟ ಸ್ವಲ್ಪ ಬೇಗ ಆಯ್ತು. ಪ್ರಿಲಿಮಿನರಿ ಡಿಕ್ರಿ ಹೇಳೋದು ಯಾರಿಗೆ ಎಷ್ಟು ಭಾಗ ಅನ್ನೋದಷ್ಟೇ, ಯಾವ ಕಡೆಯ ಜಮೀನು ಅನ್ನೋದು ಎಫ್.ಡಿ.ಪಿ.ಯಲ್ಲಿ, ಅಂದ್ರೆ ಫೈನಲ್ ಡಿಕ್ರಿ ವಿಚಾರಣೆಯಲ್ಲಿ. ಪಾರ್ಟಿ ಬೇರೆ ಅರ್ಜಿ ಹಾಕ್ಲಿ ಅಂತ ಕಾಯ್ತಾ ಕೂರದೆ ಕೋರ್ಟೇ ಮುಂದುವರಿಸ್ಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಮ್ಮ ಫೈಲು ರೆಕಾರ್ಡ್ ರೂಮಿಗೆ ಹೋಗಿದೆಯಾ ಅಂತ ನಾಳೇನೇ ವಿಚಾರಿಸಿ. ಕಂದಾಯದ ಜಮೀನಾದ್ರೆ ಭಾಗ ಮಾಡೋದು ಡಿ.ಸಿ. ಕಡೆಯಿಂದ, ಅಲ್ಲಿ ಸರ್ವೆಯವರ ಹಿಂದೆ ಇನ್ನೊಂದು ಸುತ್ತು ಓಡಾಟ ಇದೆ.