ಅತ್ಯುತ್ತಮ ಆಲ್ಬಂ ಅಂದರೆ ನಮಗೆ ಇಷ್ಟವಾದದ್ದೇ ಅಲ್ವಾ?

ಅಲ್ಲ, ಎರಡೂ ಬೇರೆ ಬೇರೆ ಪಟ್ಟಿ. 1978ರ ‘ನಿತ್ಯೋತ್ಸವ’ ನೋಡಿ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಕ್ಯಾಸೆಟ್ಟಿನಿಂದ ಭಾವಗೀತೆ ಮನೆಮನೆಯ ಟೇಪ್‌ರೆಕಾರ್ಡರ್‌ಗೆ ಬಂತು, ಆಮೇಲೆ ಅದೇ ದಾರಿಯಲ್ಲಿ ಎಷ್ಟೋ ಕ್ಯಾಸೆಟ್‌ಗಳು ಬಂದವು. ನಿಮಗೆ ಬೋರ್ ಹೊಡೆಸಿದರೂ ಅದು ಶ್ರೇಷ್ಠ ಪಟ್ಟಿಯಲ್ಲಿ ಇರಲೇಬೇಕು.

ಇಷ್ಟದ ಪಟ್ಟಿಗೆ ಇಂಥ ಕಾರಣವೇ ಬೇಡ. ನನ್ನದರಲ್ಲಿ ಮನೋಮೂರ್ತಿ ಸಂಗೀತದ ‘ಮುಂಗಾರು ಮಳೆ’ ಮೊದಲು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಕೇಳಿದ್ದು, ಅದನ್ನು ಕೆಳಗಿಳಿಸೋಕೆ ಮನಸ್ಸು ಬರಲ್ಲ.

ಶ್ರೇಷ್ಠ ಅನ್ನುವ ಮೊದಲು ಒಂದು ಕೇಳಿಕೊಳ್ಳಿ: ಎರಡು ಹಿಟ್ ಹಾಡು ತೆಗೆದರೆ ಉಳಿದವು ನಿಲ್ಲುತ್ತವಾ? ಇಲ್ಲೇ ಸುಮಾರು ಸಿನಿಮಾ ಆಲ್ಬಂಗಳು ಮುಗ್ಗರಿಸುತ್ತವೆ, ಪಾಪ.